ಗಿಡಕ್ಕೂ ಒಂದು ಕಾರ್ಡ್ ಮಾಡಿ

ಪ್ರಶ್ನೆ: ಮೇಡಂ, ನಮ್ಮ ಬಡಾವಣೆಯವರೇ ಸೇರಿ ನಡೆಸುವ ಪುಟ್ಟ ಲೈಬ್ರರಿ ಇದೆ. ಪ್ರತಿ ವರ್ಷ ಜೂನ್ 5ಕ್ಕೆ ಪರಿಸರ ದಿನ ಮಾಡುತ್ತೇವೆ. ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಡುತ್ತೇವೆ, ಹತ್ತು ಗಿಡ ನೆಡುತ್ತೇವೆ. ಮುಂದಿನ ವರ್ಷ ನೋಡಿದರೆ ಒಂದೋ ಎರಡೋ ಉಳಿದಿರುತ್ತವೆ. ಈ ಸಲ ಏನು ಮಾಡೋಣ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ಕರುಳು ಚುರುಕ್ಕೆಂದಿತು. ನಾನೂ ಶನಿವಾರ ಶನಿವಾರ ನಮ್ಮ ಬೀದಿಯ ಲೈಬ್ರರಿಯಲ್ಲಿ ಪುಸ್ತಕ ಕೊಡಲು ಕೂರುತ್ತೇನೆ. ಅಲ್ಲೂ ಹೀಗೇ ಆಗಿತ್ತು. ಒಣಗಿದ ಹೊಂಗೆ ಗಿಡವೊಂದನ್ನು ಕಿತ್ತು ನೋಡಿದೆ. ನರ್ಸರಿಯ ಕಪ್ಪು ಕವರ್ ಹಾಗೇ ಇತ್ತು! ಬೇರೆಲ್ಲ ಒಳಗೇ ಸುತ್ತಿಕೊಂಡು ಸಿಂಬಿಯಂತಾಗಿತ್ತು. ಫೋಟೋಗೆ ನಿಲ್ಲುವ ಗಡಿಬಿಡಿಯಲ್ಲಿ ಕವರ್ ಹರಿಯುವುದನ್ನೇ ಮರೆತಿದ್ದೆವು. ಪಾಪ, ಅದರ ಬೇರಿಗೆ ಹೊರಗಿನ ಮಣ್ಣು ತಾಗಿಯೇ ಇರಲಿಲ್ಲ.

ಈ ಸಲ ಹತ್ತು ಬೇಡ, ಮೂರು ಸಾಕು. ಮೊದಲು ತಲೆ ಎತ್ತಿ ನೋಡಿ, ಕರೆಂಟ್ ತಂತಿ ಇದ್ದರೆ ಪಾರಿಜಾತವೋ ಕರಿಬೇವೋ ಹಾಕಿ. ಇಲ್ಲದ ಕಡೆ ಹೊಂಗೆಯೇ ಇರಲಿ. ಹೊಂಗೆ ನೆರಳಿನ ತಂಪು ನಿಮಗೂ ಗೊತ್ತು, ಅಲ್ವಾ?

ಅಕ್ಟೋಬರ್‌ವರೆಗೆ ಹೆಚ್ಚುಕಡಿಮೆ ಮಳೆಯೇ ನೋಡಿಕೊಳ್ಳುತ್ತದೆ. ನಮ್ಮೂರಲ್ಲಿ ಎಳೆ ಗಿಡಕ್ಕೆ ಕಷ್ಟ ಜಾಸ್ತಿಯಾಗುವುದು ಸಂಕ್ರಾಂತಿ ಕಳೆದ ಮೇಲೆ. ಆ ಹೊತ್ತಿಗೆ ಪರಿಸರ ದಿನ ಯಾರಿಗೆ ನೆನಪಿರುತ್ತದೆ? ಅದಕ್ಕೇ ನಾವು ಪುಸ್ತಕಕ್ಕೆ ಮಾಡುವ ಹಾಗೆ ಗಿಡಕ್ಕೂ ಕಾರ್ಡ್ ಮಾಡಿದೆವು. ಮೇಲೆ ಗಿಡದ ಹೆಸರು, ಕೆಳಗೆ ತಾರೀಖು ಬರೆಯಲು ಗೆರೆಗಳು. ಪುಸ್ತಕ ವಾಪಸ್ ಕೊಡಲು ಬರುವ ಮಕ್ಕಳು ಅಕ್ಕಿ, ತರಕಾರಿ ತೊಳೆದ ನೀರನ್ನು ಬಾಟಲಿಯಲ್ಲಿ ತರುತ್ತಾರೆ. ಬಾಗಿಲ ಹತ್ತಿರದ ಬಕೆಟ್‌ಗೆ ಸುರಿಯುತ್ತಾರೆ. ಬಕೆಟ್ ತುಂಬಿದಾಗ ಇಬ್ಬರು ಹಿಡಿದುಕೊಂಡು ಹೋಗಿ ಬುಡಕ್ಕೆ ಹಾಕಿ, ಬಂದು ತಾರೀಖು ಬರೆಯುತ್ತಾರೆ. ಪರೀಕ್ಷೆ ಸಮಯದಲ್ಲಿ ಗೆರೆಗಳು ಖಾಲಿ ಉಳಿದವು. ಆಗ ನಾನೇ ಬಕೆಟ್ ಎತ್ತಿದೆ.

ಚಿತ್ರಸ್ಪರ್ಧೆ ಇರಲಿ, ಮಕ್ಕಳಿಗೆ ಇಷ್ಟ. ಅದಕ್ಕೆ ಮುಂಚೆ ಸಾಲುಮರದ ತಿಮ್ಮಕ್ಕನ ಕಥೆ ಹೇಳಿ. ಹುಲಿಕಲ್–ಕುದೂರು ರಸ್ತೆಯಲ್ಲಿ ಆಲ ನೆಟ್ಟರು ಅಂತ ಸುಮ್ನೆ ಹೇಳಿ ಮುಗಿಸಬೇಡಿ. ಆಕೆ, ಗಂಡ ಚಿಕ್ಕಯ್ಯ ಇಬ್ಬರೂ ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ಮೇಯದಂತೆ ಮುಳ್ಳು ಕಟ್ಟಿದ್ದು, ಅದನ್ನು ಬಿಡಿಸಿ ಹೇಳಿ. ಒಂದು ಬಿಂದಿಗೆ ನೀರು ತುಂಬಿಟ್ಟು, ಎತ್ತಿ ನೋಡಲು ಬಿಡಿ.

ಮೂರು ಗಿಡ ಹೇಗಿವೆ ಅಂತ ಮಾರ್ಚ್‌ನಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.