ಮೊದಲು ಜಾಗ ಹುಡುಕಿ, ಬೆಂಗಳೂರು ಎಲ್ಲೂ ಹೋಗಲ್ಲ

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿ ನಾಲ್ಕು ಜನ ಸೇರಿ ಎಕ್ಸ್‌ಪೆರಿಮೆಂಟಲ್ ರಾಕ್ ಬ್ಯಾಂಡ್ (ಮಾಮೂಲಿ ಹಾಡಿನ ಅಚ್ಚು ಬಿಟ್ಟು ಸದ್ದಿನ ಜೊತೆ ಪ್ರಯೋಗ ಮಾಡುವಂಥದ್ದು) ಕಟ್ಟಿದ್ದೀರಿ, ಯಾವ ರೆಕಾರ್ಡ್ ಕಂಪನಿಯ ಹಂಗೂ ಇಲ್ಲ. ಇದನ್ನೇ ನಂಬಿ ಬದುಕೋಕೆ ಆಗುತ್ತಾ? ಬೆಂಗಳೂರಿಗೆ ಹೋಗಲೇಬೇಕಾ?

ಇದನ್ನೇ ನಂಬಿ ಬದುಕೋದು ಕಷ್ಟ. ಬ್ಯಾಂಡ್ ನಡೆಸೋದು ಅಷ್ಟು ಕಷ್ಟವಲ್ಲ. ನಾನು ದಾವಣಗೆರೆಯವನು, ಇಂಥದ್ದೇ ಒಂದು ಬ್ಯಾಂಡಿನಲ್ಲಿ ಆರು ವರ್ಷ ಬೇಸ್ ಗಿಟಾರ್ ನುಡಿಸಿದೆ. ಹೆಸರು ಹೇಳಿ ಉಪಯೋಗವಿಲ್ಲ, ನಮ್ಮ ಓಣಿಯವರಿಗೇ ಗೊತ್ತಿರಲಿಲ್ಲ. ನುಡಿಸೋಕೆ ಜಾಗ ಇರುವ ತನಕ ಬ್ಯಾಂಡ್ ಇತ್ತು. ಜಾಗ ಹೋಯಿತು, ಬ್ಯಾಂಡೂ ಹೋಯಿತು. ಹಾಗಾಗಿ ನನ್ನ ಉತ್ತರ ಜಾಗದ ಸುತ್ತಲೇ ಸುತ್ತುತ್ತದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಡ್ರಮ್ಮರ್ ಮನೆಯ ಮಹಡಿ ಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದೆವು. ಮೂರನೇ ದಿನ ಪಕ್ಕದ ಮನೆ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ಏನಪ್ಪಾ ತಮ್ಮಾ, ಗೋಡೆ ಒಡಸ್ತಿದೀರೇನು?" ಅಂತ ಕೇಳಿದರು. ಆಮೇಲೆ ಸಿಕ್ಕಿದ್ದು ಮಂಡಕ್ಕಿ ಭಟ್ಟಿಯೊಂದರ ಹಿಂದಿನ ಶೆಡ್. ತಿಂಗಳಿಗೆ 1,500 ರೂಪಾಯಿ. ಭಟ್ಟಿ ಉರಿಯುವಾಗ ನಮ್ಮ ಸದ್ದು ಯಾರಿಗೂ ಲೆಕ್ಕಕ್ಕಿಲ್ಲ. ಗೋಡೆಗೆ ಗೋಣಿಚೀಲ ಹೊಡೆದೆವು. ಒಳಗಿನ ಪ್ರತಿಧ್ವನಿ ಕಡಿಮೆಯಾಯಿತು, ಹೊರಗೆ ಹೋಗುವ ಸದ್ದು ಒಂದಿಷ್ಟೂ ಕಡಿಮೆ ಆಗಲಿಲ್ಲ. ಬೇಸ್ ಸದ್ದಂತೂ ಚೀಲಕ್ಕೆಲ್ಲ ಬಗ್ಗುವುದಿಲ್ಲ. ಚೀಲದಲ್ಲಿ ಉಳಿದಿದ್ದ ಮಂಡಕ್ಕಿಗೆ ಇಲಿ ಬಂದವು, ಅದು ಬೇರೆ ಕಥೆ.

ಆ ಶೆಡ್ಡಿನಿಂದ ನಮಗೊಂದು ಹಾಡು ಸಿಕ್ಕಿತು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಜರಡಿಗೆ ಸುರಿಯುತ್ತಾರಲ್ಲ, ಮರಳು ಕೆಳಗೆ ಉದುರಿ ಮಂಡಕ್ಕಿ ಮೇಲೆ ಉಳಿಯುತ್ತದೆ. ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹನ್ನೊಂದು ನಿಮಿಷದ ಹಾಡಿಗೆ ತಾಳ ಮಾಡಿಕೊಂಡೆವು. ಜರಡಿ ಆಡಿಸುವವರು ಬೀಡಿ ಹಚ್ಚೋಕೆ ನಿಲ್ಲಿಸಿದ ಕಡೆ ತಾಳವೂ ನಿಲ್ಲುತ್ತಿತ್ತು. ಅದನ್ನು ತೆಗೆಯಲಿಲ್ಲ. ನಾವು ಮಾಡಿದ್ದರಲ್ಲಿ ಇವತ್ತಿಗೂ ನನಗೆ ಇಷ್ಟವಾಗೋದು ಅದೊಂದೇ.

ದೊಡ್ಡವರ ಕಥೆ ನೋಡಿದರೂ ಹೀಗೇ ಇದೆ. ಜರ್ಮನಿಯ ಕೊಲೋನ್‌ನಲ್ಲಿ 1968ರಲ್ಲಿ ಹುಟ್ಟಿದ 'ಕ್ಯಾನ್' ಬ್ಯಾಂಡ್ ಕೇಳಿರುತ್ತೀರಿ. ಕೇಳಿಲ್ಲದಿದ್ದರೆ ಇವತ್ತೇ ಕೇಳಿ. ಅವರಲ್ಲಿ ಇರ್ಮಿನ್ ಶ್ಮಿಟ್, ಹೋಲ್ಗರ್ ಚುಕೈ ಇಬ್ಬರೂ ಜರ್ಮನಿಯ ಹೆಸರಾಂತ ಪ್ರಯೋಗಶೀಲ ಸಂಗೀತ ಸಂಯೋಜಕ ಸ್ಟಾಕ್‌ಹೌಸೆನ್ ಬಳಿ ಕಲಿತವರು. ಡ್ರಮ್ಮರ್ ಯಾಕಿ ಲೀಬೆಟ್ಸೈಟ್ ಜಾಜ್‌ನಿಂದ ಬಂದವರು. ಗಂಟೆಗಟ್ಟಲೆ ನುಡಿಸುತ್ತಿದ್ದರು, ಎಲ್ಲವನ್ನೂ ರೆಕಾರ್ಡ್ ಮಾಡುತ್ತಿದ್ದರು, ಆಮೇಲೆ ಚುಕೈ ಟೇಪ್ ಕತ್ತರಿಸಿ ಅಂಟಿಸಿ ಹಾಡು ಮಾಡುತ್ತಿದ್ದರು. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಈ ಆಟ ನಡೆಯುತ್ತಾ? ಮೊದಲು ಒಂದು ಹಳೇ ಕೋಟೆಮನೆಯಲ್ಲಿ ನುಡಿಸುತ್ತಿದ್ದರು. ಆಮೇಲೆ ವೈಲರ್ಸ್ವಿಸ್ಟ್ ಅನ್ನುವ ಸಣ್ಣ ಊರಿನಲ್ಲಿ ಮುಚ್ಚಿದ ಸಿನಿಮಾ ಟಾಕೀಸ್ ಹಿಡಿದು, ಗೋಡೆಗೆಲ್ಲ ಸೈನ್ಯದವರ ಹಾಸಿಗೆ ಹೊಡೆದರು. ನಮ್ಮ ಗೋಣಿಚೀಲ ನೆನಪಾಯಿತು, ಅಲ್ವಾ? ದುಡ್ಡಿನ ದಾರಿ ಇನ್ನೂ ಮಜವಾಗಿದೆ. ಅವರ 'ಸ್ಪೂನ್' ಹಾಡು ಟೀವಿಯ ಒಂದು ಕೊಲೆ ಸೀರಿಯಲ್ಲಿಗೆ ಹೋಯಿತು. 1972ರಲ್ಲಿ ಜರ್ಮನಿಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಜಾಗಕ್ಕೆ ಏರಿತು. ಸಿನಿಮಾಗಳಿಗೂ ಸಂಗೀತ ಮಾಡಿಕೊಡುತ್ತಿದ್ದರು. ಮುಂದೆ ಸ್ಪೂನ್ ಅನ್ನೋ ಹೆಸರಿನಲ್ಲೇ ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಆಯಿತು, ಇರ್ಮಿನ್ ಅವರ ಹೆಂಡತಿ ಹಿಲ್ಡೆಗಾರ್ಡ್ ಅದನ್ನು ನೋಡಿಕೊಂಡರು. ಇಂಥ ಒಬ್ಬ ಮ್ಯಾನೇಜರ್ ಇಲ್ಲದೇ ಎಷ್ಟು ಬ್ಯಾಂಡ್ ಮುಳುಗಿವೆಯೋ.

ನಮ್ಮ ದೇಶದ್ದೇ ಬೇಕು ಅಂದರೆ ದೆಹಲಿಯ 'ಇಂಡಿಯನ್ ಓಷನ್'. 1990ರಲ್ಲಿ ಶುರುವಾಯಿತು, ಮೊದಲ ಆಲ್ಬಂ 1993ರಲ್ಲಿ. ದೇಶಕ್ಕೆಲ್ಲ ಹೆಸರು ಗೊತ್ತಾಗಿದ್ದು 2000ದ 'ಕಂದೀಸಾ' ಆಲ್ಬಂ ಬಂದ ಮೇಲೆ. ಹತ್ತು ವರ್ಷ! ಅವರು ಕರೋಲ್ ಬಾಗ್‌ನ ಒಂದು ಹಳೇ ಬಂಗಲೆಯಲ್ಲಿ ವರ್ಷಾನುಗಟ್ಟಲೆ ಪ್ರಾಕ್ಟೀಸ್ ಮಾಡಿದರು. 2010ರಲ್ಲಿ ತಿಂಗಳಿಗೊಂದು ಹಾಡಿನಂತೆ ಪುಕ್ಕಟೆ ಕೊಟ್ಟ ಆಲ್ಬಮ್ಮಿಗೆ ಆ ಮನೆ ವಿಳಾಸವನ್ನೇ ಹೆಸರಿಟ್ಟರು: '16/330 ಖಜೂರ್ ರೋಡ್'. ಆ ಬ್ಯಾಂಡಿನ ಬೇಸ್ ಗಿಟಾರಿಸ್ಟ್ ರಾಹುಲ್ ರಾಮ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ಇದನ್ನು ನಮ್ಮ ಅಪ್ಪನಿಗೆ ಹೇಳಿದೆ. "ಹಂಗಾರೆ ನೀನೂ ಮೊದಲು ಅದನ್ನ ಮಾಡು" ಅಂದರು.

ನಮ್ಮ ಶೆಡ್ಡಿನ ಬಾಡಿಗೆ ಹುಟ್ಟುತ್ತಿದ್ದುದು ಗಣಪತಿ ಸೀಸನ್ನಿನ ಆರ್ಕೆಸ್ಟ್ರಾದಿಂದ. ನಾನು ಮತ್ತು ಡ್ರಮ್ಮರ್ ಸಿನಿಮಾ ಹಾಡು ನುಡಿಸಿ ದುಡ್ಡು ತರುತ್ತಿದ್ದೆವು. ಒಮ್ಮೆ ಆಸೆಗೆ ಬಿದ್ದು ಪೆಂಡಾಲಿನಲ್ಲಿ ಜರಡಿ ಹಾಡು ಶುರು ಮಾಡಿದೆವು. ನಾಲ್ಕನೇ ನಿಮಿಷಕ್ಕೆ ಕಮಿಟಿಯವರೊಬ್ಬರು ಸ್ಟೇಜ್ ಹತ್ತಿ, "ಮೈಕ್ ಟೆಸ್ಟಿಂಗ್ ಸಾಕು, ಹಾಡು ಬರಲಿ" ಅಂದರು. ಆರ್ಕೆಸ್ಟ್ರಾ ಕೆಲಸವನ್ನು ಕೀಳು ಅಂತ ಬಿಡಬೇಡಿ. ಕೈ ಪಳಗುತ್ತದೆ, ಕೇಬಲ್ ಸುತ್ತೋದೂ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಒಬ್ಬರು ಪುಕ್ಕಟೆ ರೆಕಾರ್ಡ್ ಮಾಡಿಕೊಡುತ್ತೇವೆ ಅಂದರು, ಓದದೇ ಸಹಿ ಹಾಕಿದೆವು. ಈಗ ನಮ್ಮದೇ ಹಾಡನ್ನು ನಾವು ಅಪ್‌ಲೋಡ್ ಮಾಡುವ ಹಾಗಿಲ್ಲ. ಹಾಡಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. 2012ರ ಕಾಪಿರೈಟ್ ತಿದ್ದುಪಡಿ ಹಾಡು ಬರೆದವರ ಮತ್ತು ಸಂಗೀತ ಕಟ್ಟಿದವರ ರಾಯಲ್ಟಿ ಪಾಲಿಗೆ ರಕ್ಷಣೆ ಕೊಡುತ್ತದೆ. ರೆಕಾರ್ಡಿಂಗಿನ ಹಕ್ಕು ಬರೆದುಕೊಟ್ಟರೆ ಅದು ಹೋದಂತೆಯೇ. ಹಾಡು ಕಟ್ಟಿದವರು ಐಪಿಆರ್‌ಎಸ್‌ನಲ್ಲಿ (ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯರಾಗಿ, ರೆಕಾರ್ಡಿಂಗ್ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಬೆಂಗಳೂರಿಗೆ ಕಾರ್ಯಕ್ರಮ ಸಿಕ್ಕಾಗ ಹೋಗಿ, ರಾತ್ರಿ ಬಸ್ಸಿಗೆ ವಾಪಸ್ ಬನ್ನಿ. ಅಲ್ಲಿ ಮನೆ ಮಾಡಿದರೆ ನಾಲ್ಕು ಜನರೂ ಬಾಡಿಗೆಗೋಸ್ಕರ ದುಡಿಯುತ್ತೀರಿ, ನುಡಿಸೋಕೆ ಹೊತ್ತೇ ಸಿಗಲ್ಲ. ದುರ್ಗದಲ್ಲಿ ಖಾಲಿ ಬಿದ್ದ ಗೋಡೌನ್, ಓಡದ ಮಿಲ್ಲು ಏನಾದರೂ ಇದೆಯಾ ನೋಡಿ. ಬಾಡಿಗೆ ಕರಾರು ಬರೆಸಿಕೊಳ್ಳಿ. ನಾವು ಬರೆಸಿರಲಿಲ್ಲ. ಮಾಲೀಕರು ಶೆಡ್ ಕೆಡವಿ ಮನೆ ಕಟ್ಟಿಸಿದರು. ಮೂರು ತಿಂಗಳು ಅವರಿವರ ಮನೆಯಲ್ಲಿ ಸೇರಿದೆವು, ಆಮೇಲೆ ವಾಟ್ಸ್ಯಾಪ್ ಗ್ರೂಪ್ ಅಷ್ಟೇ ಉಳಿಯಿತು.

ನನ್ನ ಬೇಸ್ ಆಂಪ್ ಅಟ್ಟದ ಮೇಲಿದೆ. ಸ್ಪೀಕರ್ ಕೋನ್ ಇಲಿ ಕಡಿದಿದೆ, ಉಳಿದದ್ದು ಸರಿ ಇದೆ. ಜಾಗ ಸಿಕ್ಕ ಮೇಲೆ ತಿಳಿಸಿ, ಬಂದು ಒಯ್ಯಿರಿ.