ಬೀರುವಿಗೆ ಬಿದ್ದ ಬೀಗ, ಮಗುವಿಗೆ ಬಂದ ಹೊಟ್ಟೆನೋವು

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಹಳ್ಳಿ. ಒಂಬತ್ತನೇ ತರಗತಿಯ ಹುಡುಗಿ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ, ಭಾನುವಾರ ಬರುವುದಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿದು, ದೇಹದಲ್ಲಿ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ವೈದ್ಯರು ಅವಳನ್ನು ಮೈಸೂರಿಗೆ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆ, ತಾಯಿ, ಮಗಳು ಮೂವರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ತಂದೆ ಕಬ್ಬು ಬೆಳೆಗಾರರು, ಸ್ವಂತ ಆಲೆಮನೆಯಿದೆ. ಮೊದಲ ಭೇಟಿಯಲ್ಲಿ ಮಾತೆಲ್ಲ ಅವರದೇ. "ತರಗತಿಗೇ ಮೊದಲು ಬರುತ್ತಿದ್ದಳು ಮೇಡಂ. ಈಗ ಪಠ್ಯಪುಸ್ತಕವನ್ನೂ ತೆರೆಯುವುದಿಲ್ಲ. ಬೈದರೆ ಅಳುತ್ತಾಳೆ, ಬಿಟ್ಟರೆ ಗೋಡೆ ನೋಡುತ್ತಾ ಕೂರುತ್ತಾಳೆ." ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಅವರು ಸುಮ್ಮನಾದರು. ತಾಯಿ ಮೆಲ್ಲಗೆ, "ಆ ಕಾದಂಬರಿಯ ಗಲಾಟೆ ಆದ ಮೇಲೆ" ಎಂದರು.

ಆದದ್ದು ಇಷ್ಟು. ಶಾಲೆಯ ಗ್ರಂಥಾಲಯವೆಂದರೆ ಶಿಕ್ಷಕರ ಕೊಠಡಿಯಲ್ಲಿರುವ ಎರಡು ಬೀರು. ಕನ್ನಡ ಮೇಡಂ ಅವನ್ನು ನೋಡಿಕೊಳ್ಳುತ್ತಿದ್ದರು, ಶನಿವಾರ ಮಕ್ಕಳಿಗೆ ಪುಸ್ತಕ ಕೊಡುತ್ತಿದ್ದರು. ಹುಡುಗಿ ತಂದ ಒಂದು ಕಾದಂಬರಿಯಲ್ಲಿ ಬೇರೆ ಜಾತಿಯವನನ್ನು ಮದುವೆಯಾಗಿ ಮನೆ ಬಿಟ್ಟು ಹೋಗುವ ಹೆಣ್ಣಿನ ಕಥೆಯಿತ್ತು. ಮಡಿಚಿಟ್ಟ ಒಂದು ಪುಟದಲ್ಲಿ ಪೆನ್ಸಿಲ್ ಗೆರೆಗಳಿದ್ದದ್ದು ತಂದೆಯ ಕಣ್ಣಿಗೆ ಬಿತ್ತು. ಮಗಳು ಯಾರನ್ನೋ ಪ್ರೀತಿಸುತ್ತಿದ್ದಾಳೆಂದು ಅವರು ತೀರ್ಮಾನಿಸಿದರು. ಮೊಬೈಲ್ ಕಸಿದುಕೊಂಡರು, ಚೀಲ ಜಾಲಾಡಿದರು, ಮರುದಿನ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಇಬ್ಬರು ಸದಸ್ಯರನ್ನು ಕರೆದುಕೊಂಡು ಶಾಲೆಗೆ ಹೋದರು. ಮುಖ್ಯೋಪಾಧ್ಯಾಯರು ಪುಸ್ತಕವನ್ನು ತೆರೆದು ನೋಡಲಿಲ್ಲ. ಎರಡೂ ಬೀರುಗಳಿಗೆ ಬೀಗ ಹಾಕಿ ಬೀಗದಕೈಯನ್ನು ತಮ್ಮ ಮೇಜಿನ ಖಾನೆಗೆ ಸೇರಿಸಿದರು. ಕನ್ನಡ ಮೇಡಂ ಮೇಲೆ ಎಲ್ಲರೆದುರು ರೇಗಿದರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ, "ಕೆಲವು ಹೆಣ್ಣುಮಕ್ಕಳು ಓದಬಾರದ್ದನ್ನು ಓದುತ್ತಿರುವುದರಿಂದ" ಗ್ರಂಥಾಲಯ ಮುಚ್ಚಲಾಗಿದೆ ಎಂದು ಹೇಳಿದರು. ಆ ಹೆಣ್ಣುಮಗು ಯಾರೆಂದು ತಿಳಿಯಲು ವಿತರಣಾ ವಹಿಯ ಒಂದು ಪುಟ ಸಾಕಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಹುಡುಗರು ಅವಳನ್ನು ಕಾದಂಬರಿಯ ನಾಯಕಿಯ ಹೆಸರಿನಿಂದ ಕೂಗತೊಡಗಿದ್ದರು.

ಮುಂದಿನ ಭೇಟಿಗಳಲ್ಲಿ ಅವಳೊಬ್ಬಳೊಡನೆಯೇ ಕುಳಿತೆ. ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ ಬಂದ ಮಾತು ಅಡ್ಡಹೆಸರಿನದ್ದಲ್ಲ, ಅಪ್ಪನ ಸಿಟ್ಟಿನದ್ದೂ ಅಲ್ಲ. "ನಾನು ಓದಿದ್ದಕ್ಕೆ ಯಾರಿಗೂ ಪುಸ್ತಕ ಸಿಗದಂತಾಯಿತು. ನನ್ನಿಂದ ಮಿಸ್‌ಗೆ ಬೈಗುಳ ಬಿತ್ತು."

ಪುಸ್ತಕ ನಿಷೇಧಿಸಿದರೆ ಅದನ್ನು ಓದುವವರು ಹೆಚ್ಚುತ್ತಾರೆ ಎಂದು ನಮ್ಮಲ್ಲಿ ಅನೇಕರು ಸಮಾಧಾನ ಹೇಳುತ್ತಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಕಸಿದುಕೊಂಡ ಆಯ್ಕೆಯ ಕಡೆಗೇ ಮನಸ್ಸು ಹಟದಿಂದ ತಿರುಗುವುದನ್ನು ಮನೋವಿಜ್ಞಾನಿ ಜಾಕ್ ಬ್ರೆಮ್ 1966ರಲ್ಲೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಆದರೆ ಆ ಹಟ ಹುಟ್ಟಲು, ಕಸಿದುಕೊಂಡದ್ದು ತನ್ನ ಹಕ್ಕು ಎಂಬ ಭಾವನೆ ಮೊದಲು ಇರಬೇಕು. ಹಣವೂ ಧೈರ್ಯವೂ ಇರುವ ದೊಡ್ಡವರು ನಿಷೇಧಿತ ಪುಸ್ತಕವನ್ನು ಹುಡುಕಿಕೊಂಡು ಹೋಗುತ್ತಾರೆ. ಹದಿನಾಲ್ಕರ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ ಅವಮಾನಿಸಿದರೆ ಅವಳು ಓದುವುದನ್ನೇ ಬಿಡುತ್ತಾಳೆ. ಶಾಲೆಯಲ್ಲಿ ಒಂದು ಪುಸ್ತಕವನ್ನು ನಿಷೇಧಿಸಿದಾಗ ತೀರ್ಪು ಪುಸ್ತಕದ ಮೇಲೆ ಬೀಳುವುದಿಲ್ಲ, ಅದನ್ನು ಓದಿದ ಮಗುವಿನ ಮೇಲೆ ಬೀಳುತ್ತದೆ. ಈ ಹುಡುಗಿಯ ಹೊಟ್ಟೆನೋವಿಗೆ ನಾನು ಕಂಡುಕೊಂಡ ಕಾರಣ ಅದೇ.

ಗೆರೆ ಎಳೆದ ಸಾಲುಗಳು ಯಾವುವು ಎಂದು ಕೇಳಿದೆ. ಅವು ಪ್ರೇಮದ ಸಾಲುಗಳಲ್ಲ. ಮನೆ ಬಿಟ್ಟು ಹೋದವಳು ಹಬ್ಬದ ದಿನ ತವರಿನ ಅಡುಗೆಮನೆಯನ್ನು ನೆನೆದು ಕೊರಗುವ ಭಾಗ ಅದು. ಅದನ್ನೇ ಏಕೆ ಗುರುತು ಮಾಡಿದೆ ಎಂದೆ. "ನನಗೊಬ್ಬರು ಅತ್ತೆ ಇದ್ದಾರಂತೆ ಮೇಡಂ" ಎಂದಳು. ಅಪ್ಪನ ತಂಗಿ. ಈ ಹುಡುಗಿ ಹುಟ್ಟುವ ಮೊದಲೇ ಬೇರೆ ಜಾತಿಯವರನ್ನು ಮದುವೆಯಾಗಿ ಊರು ಬಿಟ್ಟವರು. ಮನೆಯಲ್ಲಿ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಅಜ್ಜಿ ಒಬ್ಬರೇ ಗೌರಿ ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಕೂತು ಅಳುತ್ತಾರೆ. ಅಜ್ಜಿ ಏಕೆ ಅಳುತ್ತಾರೆ, ಆ ಅತ್ತೆಯೂ ಎಲ್ಲೋ ಕೂತು ಹೀಗೆಯೇ ಅಳುತ್ತಿರಬಹುದೇ ಎಂಬುದನ್ನು ತಿಳಿಸಲು ಅವಳಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಕಾದಂಬರಿ ಇತ್ತು.

ಅವಳ ಒಪ್ಪಿಗೆ ಪಡೆದು ಇದನ್ನು ತಂದೆಗೆ ಹೇಳಿದೆ. ಅವರು ಎದ್ದು ಹೊರಗೆ ಹೋದರು. ತಿರುಗಿ ಬಂದಾಗ, "ನನ್ನ ತಂಗಿಯೂ ಕಾದಂಬರಿ ಓದುತ್ತಿದ್ದಳು" ಎಂದರು. ಅವರಿಗಿದ್ದದ್ದು ದುಷ್ಟತನವಲ್ಲ, ಭಯ. ಮಂಡ್ಯ ಸೀಮೆಯಲ್ಲಿ ಜಾತಿ ಮೀರಿದ ಮದುವೆಗಳು ಕೊಲೆಯವರೆಗೂ ಹೋದದ್ದಿದೆ. ಮಗಳನ್ನು ಉಳಿಸಿಕೊಳ್ಳುವ ದಾರಿಯೆಂದು ಅವರು ಕಣ್ಣಿಗೆ ಬಿದ್ದ ಪುಸ್ತಕವನ್ನು ಹಿಡಿದುಕೊಂಡಿದ್ದರು. ಆ ಭಯವನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ತಂಗಿ ಮನೆ ಬಿಟ್ಟದ್ದು ಕಾದಂಬರಿ ಓದಿದ್ದಕ್ಕೋ, ಮನಸ್ಸಿನಲ್ಲಿದ್ದದ್ದನ್ನು ಮನೆಯಲ್ಲಿ ಹೇಳಲಾಗದ್ದಕ್ಕೋ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಅವರಿಗೆ ಕೊಟ್ಟ ಮೊದಲ ಸಲಹೆ: ಮಡಿಚಿದ ಒಂದು ಪುಟವನ್ನಲ್ಲ, ಇಡೀ ಪುಸ್ತಕವನ್ನು ಓದಿ. ಮೆಚ್ಚಬೇಕಾಗಿಲ್ಲ. ಓದಿದ ಮೇಲೂ ಇಷ್ಟವಾಗದಿದ್ದರೆ ಏಕೆಂದು ಮಗಳೊಡನೆ ವಾದ ಮಾಡಿ, ಅವಳ ವಾದವನ್ನೂ ಕೇಳಿ. ಎರಡನೆಯದು, ತಂಗಿಯ ಕಥೆಯನ್ನು ನೀವೇ ನಿಮ್ಮ ಬಾಯಿಂದ ಹೇಳಿ. ಇದು ಅವರಿಗೆ ಅತಿ ಕಷ್ಟದ್ದಾಗಿತ್ತು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ.

"ಹಾಗಾದರೆ ಮಕ್ಕಳು ಏನು ಬೇಕಾದರೂ ಓದಬಹುದೇ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲ, ವಯಸ್ಸು ನೋಡಬೇಕು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 5ನೇ ವಿಧಿ, ಮಗುವಿನ ಬೆಳವಣಿಗೆಗೆ ತಕ್ಕಂತೆ ದಾರಿ ತೋರುವ ಹಕ್ಕನ್ನು ತಂದೆತಾಯಿಗೆ ಕೊಡುತ್ತದೆ. ಅದೇ ಒಡಂಬಡಿಕೆಯ 13ನೇ ವಿಧಿ, ವಿಚಾರಗಳನ್ನು ಹುಡುಕುವ, ಪಡೆಯುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಎರಡೂ ಒಟ್ಟಿಗೆ ಬಾಳಬೇಕು. ಈ ಮಗುವಿಗೆ ಈಗ ಯಾವ ಪುಸ್ತಕ ಸೂಕ್ತ ಎಂದು ಯೋಚಿಸುವುದು ಆಯ್ಕೆ, ಅದನ್ನು ಕನ್ನಡ ಮೇಡಂ ಪ್ರತಿ ಶನಿವಾರ ಮಾಡುತ್ತಲೇ ಇದ್ದರು. ಯಾವ ಮಗುವಿಗೂ ಈ ಪುಸ್ತಕ ಸಿಗಬಾರದು ಎನ್ನುವುದು ನಿಷೇಧ. ನಿಮ್ಮ ಮಗಳಿಗೆ ಬೇಡವೆನ್ನುವ ಮಾತು ನಿಮ್ಮದು, ಪಕ್ಕದ ಮನೆಯ ಮಗುವಿಗೆ ಬೇಡವೆನ್ನುವ ಮಾತು ನಿಮ್ಮದಲ್ಲ ಎಂದು ನೇರವಾಗಿ ಹೇಳಿದೆ.

ಸರ್ಕಾರವೇ ಪುಸ್ತಕಗಳನ್ನು ನಿಷೇಧಿಸುವುದಿಲ್ಲವೇ ಎಂದೂ ಕೇಳಿದರು. ನಿಷೇಧಿಸುತ್ತದೆ. ಆದರೆ ರಾಜ್ಯ ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಕಾರಣಗಳನ್ನು ಬರೆದು ಅಧಿಸೂಚನೆ ಹೊರಡಿಸಬೇಕು, ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95 ಮತ್ತು 96ನೇ ಕಲಮುಗಳಲ್ಲಿದ್ದ ಈ ನಿಯಮಗಳು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿವೆ. ಒಂದು ತಮಿಳು ಕಾದಂಬರಿಯ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2016ರಲ್ಲಿ, ಓದುವ ಆಯ್ಕೆ ಓದುಗರದ್ದು, ಓದಲೇಬೇಕೆಂಬ ಬಲವಂತ ಯಾರ ಮೇಲೂ ಇಲ್ಲ ಎಂದಿತು. ಇಡೀ ಸರ್ಕಾರಕ್ಕೆ ಇಷ್ಟು ಕಟ್ಟುಪಾಡಿರುವಾಗ ಒಂದು ಶಾಲೆಯಲ್ಲಿ ಯಾರೂ ಓದದೆ, ಏನೂ ಬರೆಯದೆ, ಬೀಗದಕೈ ತಿರುಗಿಸಿದರೆ ಸಾಕಾಯಿತು. ಇದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಆದ್ದರಿಂದ ಪೋಷಕರ ಅನುಮತಿಯೊಂದಿಗೆ ಶಾಲೆಗೂ ಪತ್ರ ಬರೆದೆ. ಪುಸ್ತಕದ ಬಗ್ಗೆ ದೂರು ಬಂದರೆ ಬರಹದಲ್ಲಿ ಪಡೆಯಿರಿ. ಕನ್ನಡ ಶಿಕ್ಷಕರೂ ಸೇರಿದಂತೆ ಮೂವರು ಪೂರ್ತಿ ಓದಿ ಅಭಿಪ್ರಾಯ ಬರೆಯಲಿ. ತೀರ್ಮಾನವಾಗುವವರೆಗೆ ಪುಸ್ತಕ ಮಕ್ಕಳಿಗೆ ಸಿಗುವಂತೆ ತೆರೆದ ಬೀರುವಿನಲ್ಲೇ ಇರಲಿ. ಅಮೆರಿಕದ ಗ್ರಂಥಾಲಯ ಸಂಘವೂ ಶಾಲೆಗಳಿಗೆ ಹೇಳುವ ಕ್ರಮ ಇದೇ. ಯಾವ ಮಗು ಯಾವ ಪುಸ್ತಕ ಒಯ್ದಿತೆಂಬುದನ್ನು ಯಾರಿಗೂ ತೋರಿಸಬೇಡಿ. ಮಗುವನ್ನು ಅವಮಾನಿಸಿದ್ದು ಪ್ರಾರ್ಥನೆಯ ಸಾಲಿನಲ್ಲಿ, ಆದ್ದರಿಂದ ಓದುವುದು ತಪ್ಪಲ್ಲ ಎಂಬ ಮಾತನ್ನೂ ಅಲ್ಲಿಯೇ ಹೇಳಿ.

ಹುಡುಗಿಗೆ ಹೇಳಿದ್ದು ಕಡಿಮೆ. ಬೀಗ ಹಾಕಿದ್ದು ದೊಡ್ಡವರ ಕೈ, ನಿನ್ನದಲ್ಲ. ಇದನ್ನು ಹಲವು ಬಾರಿ, ಹಲವು ರೀತಿಯಲ್ಲಿ ಹೇಳಬೇಕಾಯಿತು. ಕನ್ನಡ ಮೇಡಂಗೆ ಒಂದು ಪತ್ರ ಬರೆಯಲು ಹೇಳಿದೆ. ಅವರ ಉತ್ತರ ನನ್ನ ಯಾವ ಮಾತಿಗಿಂತಲೂ ಹೆಚ್ಚು ಕೆಲಸ ಮಾಡಿತು: ತನಗೆ ಅವಳ ಮೇಲೆ ಬೇಸರವಿಲ್ಲ, ಹೆಮ್ಮೆಯಿದೆ ಎಂದು ಬರೆದಿದ್ದರು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ತಾಯಿಯೊಡನೆ ಹೋಗಲು ಸೂಚಿಸಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ತಾಯಿಗೆ ಇದು ಗೊತ್ತೇ ಇರಲಿಲ್ಲ.

ತಂದೆ ಕಾದಂಬರಿಯ ಇನ್ನೊಂದು ಪ್ರತಿಯನ್ನು ಮೈಸೂರಿನಲ್ಲೇ ಕೊಂಡು, ಕಬ್ಬು ಅರೆಯುವ ರಾತ್ರಿಗಳಲ್ಲಿ ಓದಿ ಮುಗಿಸಿದರು. ಇಷ್ಟವಾಗಲಿಲ್ಲ ಎಂದರು, ಕೊನೆಯಲ್ಲಿ ಅಣ್ಣನ ಪಾತ್ರಕ್ಕೆ ಅನ್ಯಾಯವಾಗಿದೆ ಎಂದು ಮಗಳೊಡನೆ ಜಗಳವಾಡಿದರು. ಮಗಳು ಒಪ್ಪಲಿಲ್ಲ. ಆ ಜಗಳದ ನಡುವೆ ತಂಗಿಯ ಹೆಸರು ಬಂತಂತೆ, ಅಜ್ಜಿಯ ಎದುರಿನಲ್ಲೇ. ಹೊಟ್ಟೆನೋವು ಕಡಿಮೆಯಾಗಿದೆ, ಸೋಮವಾರಗಳಲ್ಲಿ ಇನ್ನೂ ಬರುತ್ತದೆ. ಶಾಲೆ ಒಂದು ಬೀರುವನ್ನು ತೆರೆದಿದೆ, ಕಾದಂಬರಿ ಮಾತ್ರ ಹಿಂತಿರುಗಿಲ್ಲ. ಅದನ್ನು ಮರಳಿ ಇಡಿ, ಇಲ್ಲವೇ ಕಾರಣ ಬರೆದು ಕೊಡಿ ಎಂದು ನಾನು ಎರಡನೆಯ ಪತ್ರ ಕಳುಹಿಸಿದ್ದೇನೆ. ಈ ಬಾರಿ ಅದರ ಕೆಳಗೆ ತಂದೆಯ ಸಹಿಯೂ ಇದೆ.