ಇನ್ಸುಲಿನ್ ಇದ್ದೂ ಹೊರಗೆ ಬರುವುದಿಲ್ಲವೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಎರಡನೇ ಬಗೆಯ ಮಧುಮೇಹವಿದೆ. "ಇನ್ಸುಲಿನ್ ಇದೆ, ಊಟವಾದ ಕೂಡಲೇ ಬಿಡುಗಡೆಯಾಗುತ್ತಿಲ್ಲ" ಎಂದ ವೈದ್ಯರು ಗ್ಲಿಮೆಪಿರೈಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಇರುವ ಇನ್ಸುಲಿನ್ ಹೊರಬರಲು ಅಡ್ಡಿಯೇನು? ಈ ಮಾತ್ರೆ ಮಾಡುವುದೇನು?

ಉತ್ತರ: ಕಾಯಿಲೆಯ ತಿರುಳಿಗೇ ಕೈ ಹಾಕಿದ್ದೀರಿ. ಇನ್ಸುಲಿನ್ ತಯಾರಾಗುವ ಬಗ್ಗೆ ಪುಟಗಟ್ಟಲೆ ಬರೆದು, ಬಿಡುಗಡೆಯನ್ನು ಒಂದು ಸಾಲಿನಲ್ಲಿ ಮುಗಿಸುವ ಆರೋಗ್ಯ ಲೇಖನಗಳ ಬಗ್ಗೆ ನನಗೆ ಹಳೆಯ ತಕರಾರಿದೆ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಬೇಕು. ಒಳಗೆಲ್ಲ ಪುಟ್ಟ ಚೀಲಗಳು. ಪ್ರತಿಯೊಂದರ ನಡುವೆ ಕಪ್ಪು ತಿರುಳು, ಸುತ್ತ ಬೆಳ್ಳನೆಯ ಬಳೆ. ಆ ಕಪ್ಪು, ಸತುವಿನ ಜೊತೆ ಹರಳುಗಟ್ಟಿದ ಇನ್ಸುಲಿನ್. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ನಾನು ಮೊದಲು ತೋರಿಸುತ್ತಿದ್ದುದು ಇದೇ ಚಿತ್ರವನ್ನು. ಒಂದು ಕೋಶದಲ್ಲಿ ಸುಮಾರು 10,000 ಚೀಲಗಳಿರುತ್ತವೆ. ಆದರೆ ಕೋಶಪೊರೆಗೆ ತಾಗಿಕೊಂಡು, ಸೂಚನೆ ಸಿಕ್ಕ ಕ್ಷಣವೇ ತೆರೆದುಕೊಳ್ಳಲು ಸಜ್ಜಾಗಿರುವಂಥವು ತೀರಾ ಕಡಿಮೆ. ಸಕ್ಕರೆ ಏರಿದ ಮೊದಲ ಹತ್ತು ನಿಮಿಷ ರಕ್ತಕ್ಕೆ ನುಗ್ಗುವ ಇನ್ಸುಲಿನ್ ಹೆಚ್ಚಾಗಿ ಇವುಗಳದ್ದೇ. ಎರಡನೇ ಬಗೆಯ ಮಧುಮೇಹದಲ್ಲಿ ಬಹು ಬೇಗ ಕುಸಿಯುವುದು ಈ ಮೊದಲ ಅಲೆ.

ಸೂಚನೆ ಸಿಗುವುದು ಹೀಗೆ. ಗ್ಲೂಕೋಸ್ ಕೋಶದೊಳಗೆ ಉರಿದಾಗ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಹೆಚ್ಚುತ್ತದೆ. ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರ ಅದರಿಂದ ಮುಚ್ಚಿಕೊಳ್ಳುತ್ತದೆ. ಈ ದ್ವಾರ ಎರಡು ಪ್ರೋಟೀನ್‌ಗಳ ಜೋಡಣೆ: ಪೊಟ್ಯಾಸಿಯಂ ಹಾಯುವ ಹಾದಿ ಕಿರ್6.2, ಅದನ್ನು ಹತೋಟಿಯಲ್ಲಿಡುವುದು ಸರ್1. ದ್ವಾರ ಮುಚ್ಚಿದರೆ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ದ್ವಾರಗಳು ತೆರೆದು, ಕ್ಯಾಲ್ಸಿಯಂ ಒಳಗೆ ಬರುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮುಂದಿನ ಕ್ಷಣ. ಚೀಲದ ಮೈಮೇಲೆ ವ್ಯಾಂಪ್2 ಎಂಬ ಪ್ರೋಟೀನ್. ಕೋಶಪೊರೆಯ ಕಡೆ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಹುರಿ ಹೊಸೆಯುವಾಗ ಎಳೆಗಳು ಸುತ್ತಿಕೊಳ್ಳುವಂತೆ ಇವು ಒಂದನ್ನೊಂದು ಬಿಗಿಯಾಗಿ ಹೆಣೆದುಕೊಂಡು ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಸಿನಾಪ್ಟೊಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಕ್ಯಾಲ್ಸಿಯಂ ಬಂದದ್ದನ್ನು ಗ್ರಹಿಸುತ್ತದೆ. ಪೊರೆಗಳು ಬೆಸೆದು, ರಂಧ್ರ ತೆರೆದು, ಹರಳು ಹೊರಬಿದ್ದು ಕರಗುತ್ತದೆ. ನರಕೋಶಗಳು ಸಂದೇಶ ದಾಟಿಸುವುದೂ ಇದೇ ಪ್ರೋಟೀನ್ ಕುಟುಂಬದ ನೆರವಿನಿಂದ; ಕೋಶದೊಳಗಿನ ಈ ಸಾಗಾಟದ ಗುಟ್ಟು ಬಿಡಿಸಿದ ರಾತ್‌ಮನ್, ಶೆಕ್‌ಮನ್, ಸುಡಾಫ್ ಅವರಿಗೆ 2013ರ ನೊಬೆಲ್ ಬಂತು. ಎರಡನೇ ಬಗೆಯ ಮಧುಮೇಹಿಗಳ ಬೀಟಾ ಕೋಶ ಸಮೂಹಗಳಲ್ಲಿ ಈ ಹೆಣೆಯುವ ಪ್ರೋಟೀನ್‌ಗಳೇ ಕಡಿಮೆಯಾಗಿರುವುದು ಕಂಡುಬಂದಿದೆ. ನೀವು ಕೇಳಿದ ಅಡ್ಡಿಗಳಲ್ಲಿ ಇದೂ ಒಂದು.

ಇನ್ನು ಮಾತ್ರೆ. ಗ್ಲಿಮೆಪಿರೈಡ್ ಹೋಗಿ ಕೂರುವುದು ಸರ್1 ಮೇಲೆ. ಎಟಿಪಿ ಏರಲಿ, ಬಿಡಲಿ, ಪೊಟ್ಯಾಸಿಯಂ ದ್ವಾರವನ್ನು ಅದು ಮುಚ್ಚಿಸುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ: ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದಾಗಲೂ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಆದ್ದರಿಂದ ತಂದೆಯವರು ಮಾತ್ರೆ ನುಂಗಿ ಊಟ ಬಿಡುವಂತಿಲ್ಲ. ಬೆವರು, ನಡುಕ, ಗಲಿಬಿಲಿ ಕಂಡರೆ ತಕ್ಷಣ ಸಕ್ಕರೆ ಕೊಡಿ, ಆಮೇಲೆ ವೈದ್ಯರಿಗೆ ತಿಳಿಸಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಪ್ರಶ್ನೆ: ನಮ್ಮ ಮಗುವಿಗೆ ಮೂರನೇ ತಿಂಗಳಲ್ಲೇ ಮಧುಮೇಹ ಪತ್ತೆಯಾಯಿತು. ಜೀವನವಿಡೀ ಇನ್ಸುಲಿನ್ ಚುಚ್ಚುಮದ್ದೇ ಗತಿ ಎನ್ನುತ್ತಾರೆ. ನಿಜವೇ?

ಉತ್ತರ: ಅಷ್ಟು ಬೇಗ ಆ ಮಾತನ್ನು ಒಪ್ಪಿಕೊಳ್ಳಬೇಡಿ. ಆರು ತಿಂಗಳೊಳಗೆ ಕಾಣಿಸಿಕೊಳ್ಳುವ ಮಧುಮೇಹ ಸಾಮಾನ್ಯವಾಗಿ ಮೊದಲ ಬಗೆಯದ್ದಲ್ಲ. ಒಂದೇ ವಂಶವಾಹಿಯ ದೋಷದಿಂದ ಬಂದಿರುವ ಸಾಧ್ಯತೆ ಹೆಚ್ಚು. ಮೇಲೆ ಹೇಳಿದ ಕಿರ್6.2ರ ವಂಶವಾಹಿ ಕೆಟ್ಟು, ದ್ವಾರ ಮುಚ್ಚಿಕೊಳ್ಳದೇ ಹೋಗುವುದು ಇದಕ್ಕೆ ಒಂದು ಮುಖ್ಯ ಕಾರಣವೆಂದು 2004ರಲ್ಲಿ ಗೊತ್ತಾಯಿತು. ಇಂಥ ಮಕ್ಕಳ ಕೋಶಗಳಲ್ಲಿ ಇನ್ಸುಲಿನ್ ಇದೆ, ಹೊರಡಲು ಸೂಚನೆ ಸಿಗುತ್ತಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದೋಷವಿದ್ದ 49 ಮಂದಿಗೆ ಗ್ಲಿಮೆಪಿರೈಡ್ ವರ್ಗಕ್ಕೇ ಸೇರಿದ ಮಾತ್ರೆ ಕೊಟ್ಟಾಗ 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಪೂರ್ತಿ ಬಿಟ್ಟರು.

ನಿಮ್ಮ ಮಗುವಿಗೂ ಹೀಗೇ ಆಗುತ್ತದೆಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಬೇರೆ ವಂಶವಾಹಿಗಳ ದೋಷವಿದ್ದರೆ ಮಾತ್ರೆ ಫಲಿಸದೇ ಇರಬಹುದು. ಮಕ್ಕಳ ಹಾರ್ಮೋನ್ ತಜ್ಞರನ್ನು ಕಂಡು ವಂಶವಾಹಿ ಪರೀಕ್ಷೆಯನ್ನು ಈಗಲೇ ಕೇಳಿ, ಮುಂದೂಡಬೇಡಿ. ಫಲಿತಾಂಶ ಬಂದು, ತಜ್ಞರ ಕಣ್ಣೆದುರಿನಲ್ಲಿ ಮಾತ್ರೆಗೆ ಬದಲಾಯಿಸುವವರೆಗೆ ಇನ್ಸುಲಿನ್ ಒಂದು ಹೊತ್ತೂ ತಪ್ಪಬಾರದು.